ತಾಣ ಬೆಳೆದರೆ ಡೇಟಾಬೇಸ್ ಬದಲಿಸಲೇಬೇಕಾ?

ಮತ ಎಣಿಕೆಯ ದಿನ ಬೆಳಿಗ್ಗೆ ಎಂಟೂವರೆಗೆ ನಮ್ಮ ಸುದ್ದಿ ತಾಣ ನಿಂತುಹೋಯಿತು. ಮೊದಲು ಪುಟ ತೆರೆಯಲು ಮೂರು ಸೆಕೆಂಡ್ ಆಯಿತು, ಆಮೇಲೆ ಹತ್ತು, ಆಮೇಲೆ ಬರೀ ಬಿಳಿ ಪರದೆ. ಡೇಟಾಬೇಸ್ ಸರ್ವರ್‌ನ ಸಿಪಿಯು ನೂರಕ್ಕೆ ನೂರು ತೋರಿಸುತ್ತಿತ್ತು. ವರ್ಷದ ಹಿಂದೆ ದಿನಪೂರ್ತಿ ಬರುತ್ತಿದ್ದಷ್ಟು ಜನ ಅವತ್ತು ಒಂದೇ ಗಂಟೆಯಲ್ಲಿ ಬಂದಿದ್ದರು. ಫೋನ್ ಮೀಟಿಂಗ್‌ನಲ್ಲಿ ಒಬ್ಬರು ಹೇಳಿಯೇಬಿಟ್ಟರು: "ಸರ್, ಪೋಸ್ಟ್‌ಗ್ರೆಸ್ ಕೈಲಿ ಇದು ಆಗಲ್ಲ. ಮಾಂಗೊಡಿಬಿಗೆ ಹೋಗೋಣ." ಪೋಸ್ಟ್‌ಗ್ರೆಸ್ ನಾವು ಬಳಸುತ್ತಿದ್ದ ಡೇಟಾಬೇಸ್, ಮಾಂಗೊಡಿಬಿ ಬೇರೆ ಬಗೆಯ ಇನ್ನೊಂದು. ಯಾರೂ ಬೇಡ ಅನ್ನಲಿಲ್ಲ.

ಮಧ್ಯಾಹ್ನ ಕಾರಣ ಸಿಕ್ಕಿತು. ಒಂದು ಲೇಖನದ ಕೆಳಗಿನ ಕಾಮೆಂಟ್‌ಗಳನ್ನು ತರುವ ಕ್ವೆರಿ, ಅಂದರೆ ಡೇಟಾಬೇಸ್‌ಗೆ ಕೇಳುವ ಪ್ರಶ್ನೆ, ಅದು. ಕ್ವೆರಿ ಹೇಗೆ ಓಡುತ್ತದೆ ಅಂತ ತೋರಿಸುವ 'ಎಕ್ಸ್‌ಪ್ಲೇನ್ ಅನಲೈಜ್' ಆಜ್ಞೆಯನ್ನು ಅದರ ಮುಂದೆ ಹಾಕಿ ಓಡಿಸಿದೆವು. ಉತ್ತರದ ಮೊದಲ ಸಾಲಲ್ಲೇ 'ಸೀಕ್ವೆನ್ಶಿಯಲ್ ಸ್ಕ್ಯಾನ್' ಅಂತ ಇತ್ತು. ಅಂದರೆ ಮೂವತ್ತು ಕಾಮೆಂಟ್ ತೋರಿಸೋದಕ್ಕೆ ಡೇಟಾಬೇಸ್ ಇಡೀ ಟೇಬಲ್ಲನ್ನು, ನಲವತ್ತು ಲಕ್ಷಕ್ಕೂ ಮೀರಿದ ಸಾಲುಗಳನ್ನು, ಪ್ರತಿ ಸಲವೂ ಮೊದಲಿಂದ ಕೊನೆವರೆಗೆ ಓದುತ್ತಿತ್ತು. ಲೇಖನದ ಐಡಿ ಇದ್ದ ಕಾಲಂಗೆ, ಪುಸ್ತಕದ ಕೊನೆಯ ಪದಸೂಚಿಯಂತೆ ಬೇಕಾದ ಸಾಲನ್ನು ನೇರವಾಗಿ ತೋರಿಸುವ ಇಂಡೆಕ್ಸೇ ಇರಲಿಲ್ಲ. ಅದು ಫಾರಿನ್ ಕೀ (ಇನ್ನೊಂದು ಟೇಬಲ್‌ನ ಸಾಲನ್ನು ತೋರಿಸುವ ಕಾಲಂ), ತಾನಾಗಿಯೇ ಇಂಡೆಕ್ಸ್ ಇರುತ್ತದೆ ಅಂತ ನಾವೆಲ್ಲ ನಂಬಿದ್ದೆವು. ಮೈಸೀಕ್ವೆಲ್ ಅನ್ನುವ ಇನ್ನೊಂದು ಡೇಟಾಬೇಸ್‌ನಲ್ಲಿ (ಅದರ ಇನ್ನೋಡಿಬಿ ಎಂಜಿನ್‌ನಲ್ಲಿ) ಹಾಗೆ ಆಗುತ್ತದೆ. ಪೋಸ್ಟ್‌ಗ್ರೆಸ್‌ನಲ್ಲಿ ಆಗುವುದಿಲ್ಲ, ನಾವೇ ಹಾಕಬೇಕು. ಟೇಬಲ್ ಲಾಕ್ ಆಗದಂತೆ 'ಕನ್‌ಕರೆಂಟ್ಲಿ' ಸೇರಿಸಿ ಇಂಡೆಕ್ಸ್ ಕಟ್ಟಿದೆವು. ಒಂದು ಸಾಲಿನ ಆಜ್ಞೆ. ಸೆಕೆಂಡುಗಟ್ಟಲೆ ಹಿಡಿಯುತ್ತಿದ್ದ ಕ್ವೆರಿ ಕೆಲವೇ ಮಿಲಿಸೆಕೆಂಡಿಗೆ ಇಳಿಯಿತು. ಸಂಜೆ ಹೊತ್ತಿಗೆ ಸಿಪಿಯು ಹದಿನೈದರ ಆಸುಪಾಸಿನಲ್ಲಿತ್ತು.

ಅವತ್ತೇ ಡೇಟಾಬೇಸ್ ಬದಲಿಸುವ ತೀರ್ಮಾನ ಆಗಿದ್ದರೆ ಆರು ತಿಂಗಳ ಕೆಲಸ ತಲೆಮೇಲೆ ಬೀಳುತ್ತಿತ್ತು. ಅದಕ್ಕಿಂತ ಕೆಟ್ಟದ್ದೂ ಇದೆ. ಹೊಸ ಡೇಟಾಬೇಸ್‌ಗೆ ಹೋದ ಮೇಲೆ ಆ ಇಂಡೆಕ್ಸ್ ಅಲ್ಲೂ ಇರುತ್ತಿರಲಿಲ್ಲ.

ವೇಗವಾಗಿ ಬೆಳೆಯುವ ತಾಣದವರು ಕೇಳುವ ಮೊದಲ ಪ್ರಶ್ನೆ "ಯಾವ ಡೇಟಾಬೇಸ್ ಒಳ್ಳೇದು?" ಅಂತ. ನನ್ನ ಪ್ರಕಾರ ಅದಕ್ಕೂ ಮೊದಲು ಕೇಳಬೇಕಾದ್ದು, ಏನು ಬೆಳೆಯುತ್ತಿದೆ ಅನ್ನೋದನ್ನ. ಓದುವವರು ಜಾಸ್ತಿ ಆಗುತ್ತಿದ್ದಾರಾ? ಬರೆಯುವುದು ಜಾಸ್ತಿ ಆಗುತ್ತಿದೆಯಾ? ದತ್ತಾಂಶ ಯಂತ್ರದ ಮೆಮೊರಿಗಿಂತ ದೊಡ್ಡದಾಯಿತಾ? ಇಲ್ಲಾ, ಒಂದೇ ಹೊತ್ತಿಗೆ ತೆರೆದಿರುವ ಸಂಪರ್ಕಗಳು ಮಿತಿ ದಾಟಿದವಾ? ಹೊರಗಿನಿಂದ ನೋಡಿದರೆ ಎಲ್ಲದಕ್ಕೂ ಲಕ್ಷಣ ಒಂದೇ, ತಾಣ ನಿಧಾನ. ಔಷಧ ಮಾತ್ರ ಬೇರೆ ಬೇರೆ.

ಸಂಪರ್ಕದ ವಿಷಯ ಹಲವರಿಗೆ ಗೊತ್ತೇ ಇರುವುದಿಲ್ಲ. ಪೋಸ್ಟ್‌ಗ್ರೆಸ್ ಪ್ರತಿ ಸಂಪರ್ಕಕ್ಕೂ ಒಂದು ಪ್ರತ್ಯೇಕ ಪ್ರೊಸೆಸ್ ಹುಟ್ಟಿಸುತ್ತದೆ. ಅದು ಸುಮ್ನೆ ಕೂತಿದ್ದರೂ ಮೆಮೊರಿ ತಿನ್ನುತ್ತದೆ. ಡಿಫಾಲ್ಟ್ ಮಿತಿ 100. ಮೈಸೀಕ್ವೆಲ್ ಪ್ರೊಸೆಸ್ ಬದಲು ಅದಕ್ಕಿಂತ ಹಗುರವಾದ ಥ್ರೆಡ್ ಬಳಸುತ್ತದೆ, ಅಲ್ಲಿ ಡಿಫಾಲ್ಟ್ 151. ಜನ ಹೆಚ್ಚಾದರು ಅಂತ ಎಂಟು ಆಪ್ ಸರ್ವರ್ ನಿಲ್ಲಿಸಿ, ಒಂದೊಂದಕ್ಕೂ ಇಪ್ಪತ್ತು ಸಂಪರ್ಕ ಕೊಟ್ಟರೆ ಲೆಕ್ಕ 160 ಆಯಿತು. ಬಾಗಿಲಲ್ಲೇ ತಡೆ. ಇದಕ್ಕೆ ಬೇಕಿರುವುದು ನಡುವೆ ನಿಂತು ಸಂಪರ್ಕಗಳನ್ನು ಹಂಚಿಕೊಡುವ ಪಿಜಿಬೌನ್ಸರ್‌ನಂಥ ಪೂಲರ್. ಒಂದು ದಿನದ ಕೆಲಸ, ಅಷ್ಟೇ.

ಓದುವವರು ಹೆಚ್ಚಾದರೆ ಮೊದಲು ಕ್ಯಾಶ್ (ಸಿದ್ಧ ಉತ್ತರವನ್ನು ಹತ್ತಿರದಲ್ಲೇ ಇಟ್ಟುಕೊಂಡು ಕೊಡುವುದು), ಆಮೇಲೆ ರೆಪ್ಲಿಕಾ. ಅಂದರೆ ಬರೆಯುವುದೆಲ್ಲ ಒಂದೇ ಮುಖ್ಯ ಯಂತ್ರಕ್ಕೆ, ಓದುವುದು ಅದರ ಪ್ರತಿಗಳಿಂದ. ನಾವು ಕನ್ನಡ ವಿಕಿಪೀಡಿಯ ಓದುವಾಗ ಹಿಂದೆ ಇರುವ ವ್ಯವಸ್ಥೆಯೂ ಇದೇ. ಅದನ್ನು ನಡೆಸುವ ವಿಕಿಮೀಡಿಯ 2013ರಲ್ಲಿ ಮೈಸೀಕ್ವೆಲ್‌ನಿಂದ ಅದರದೇ ಕವಲಾದ ಮಾರಿಯಾಡಿಬಿಗೆ ಬಂತು. ಲಾಗಿನ್ ಆಗದೆ ಓದುವವರಿಗೆ ಹೆಚ್ಚಿನ ಪುಟಗಳು ಕ್ಯಾಶ್‌ನಿಂದಲೇ ಹೋಗುತ್ತವೆ, ಡೇಟಾಬೇಸ್‌ವರೆಗೆ ಬರುವುದೇ ಇಲ್ಲ.

ರೆಪ್ಲಿಕಾದಲ್ಲಿ ಒಂದು ಗುಂಡಿ ಇದೆ, ಅದನ್ನು ಮೊದಲೇ ನೋಡಿಕೊಳ್ಳಿ. ಓದುಗರೊಬ್ಬರು ಕಾಮೆಂಟ್ ಹಾಕುತ್ತಾರೆ. ಅದು ಮುಖ್ಯ ಯಂತ್ರದಲ್ಲಿ ಉಳಿಯುತ್ತದೆ. ಪುಟ ಮತ್ತೆ ತೆರೆದಾಗ ಓದು ರೆಪ್ಲಿಕಾದಿಂದ ಬರುತ್ತದೆ, ರೆಪ್ಲಿಕಾ ಅರ್ಧ ಸೆಕೆಂಡ್ ಹಿಂದಿದೆ. ಕಾಮೆಂಟ್ ಕಾಣುವುದಿಲ್ಲ. ಅವರು ಇನ್ನೊಮ್ಮೆ ಹಾಕುತ್ತಾರೆ. ಈಗ ಒಂದೇ ಕಾಮೆಂಟ್ ಎರಡು ಸಲ. ಬರೆದವರಿಗೆ ಮಾತ್ರ ಮುಂದಿನ ಕೆಲವು ಸೆಕೆಂಡ್ ಮುಖ್ಯ ಯಂತ್ರದಿಂದಲೇ ಓದಿಸಿದರೆ ಇದು ಸರಿಹೋಗುತ್ತದೆ. ಆದರೆ ಆ ಕೆಲಸ ಡೇಟಾಬೇಸ್‌ನದ್ದಲ್ಲ, ನಿಮ್ಮ ಕೋಡ್‌ನದ್ದು.

ಇಷ್ಟರಲ್ಲಿ ಎಷ್ಟು ದೂರ ಹೋಗಬಹುದು? ನೀವು ಅಂದುಕೊಂಡದ್ದಕ್ಕಿಂತ ತುಂಬಾ ದೂರ. ಇನ್‌ಸ್ಟಾಗ್ರಾಮ್ ಅನ್ನು ಫೇಸ್‌ಬುಕ್ 2012ರಲ್ಲಿ ಕೊಂಡಾಗ ಅದಕ್ಕೆ ಸುಮಾರು 3 ಕೋಟಿ ಬಳಕೆದಾರರಿದ್ದರು, ಕೆಲಸಗಾರರು 13 ಮಂದಿ. ಅವರ ಮುಖ್ಯ ದತ್ತಾಂಶ ಪೋಸ್ಟ್‌ಗ್ರೆಸ್‌ನಲ್ಲೇ ಇತ್ತು. ಚಾಟ್‌ಜಿಪಿಟಿಯ ಹಿಂದೆಯೂ ಪೋಸ್ಟ್‌ಗ್ರೆಸ್ ಇದೆ. ಬರೆಯಲು ಒಂದೇ ಮುಖ್ಯ ಯಂತ್ರ, ಓದಲು ಸುಮಾರು 50 ರೆಪ್ಲಿಕಾ ಇಟ್ಟುಕೊಂಡು ನಡೆಸುತ್ತಿದ್ದೇವೆ ಅಂತ ಓಪನ್‌ಎಐ ಎಂಜಿನಿಯರುಗಳೇ ಬಹಿರಂಗವಾಗಿ ವಿವರಿಸಿದ್ದಾರೆ. ಜಾಸ್ತಿ ಬರೆಯುವ, ಸುಲಭವಾಗಿ ಹೋಳು ಮಾಡಬಹುದಾದ ಕೆಲಸಗಳನ್ನು ಮಾತ್ರ ಬೇರೆ ವ್ಯವಸ್ಥೆಗೆ ಸಾಗಿಸುತ್ತಿದ್ದಾರೆ. ಇದನ್ನು ಓದಿದ ಮೇಲೆ, ದಿನಕ್ಕೆ ಐವತ್ತು ಸಾವಿರ ಓದುಗರಿರುವ ತಾಣಕ್ಕೆ ಪೋಸ್ಟ್‌ಗ್ರೆಸ್ ಸಾಲದು ಅಂತ ಯಾರಾದರೂ ಹೇಳಿದರೆ ನಾನು ಮೊದಲು ಅವರ ಸ್ಲೋ ಕ್ವೆರಿ ಲಾಗ್ (ನಿಧಾನವಾದ ಕ್ವೆರಿಗಳ ದಾಖಲೆ) ಕೇಳುತ್ತೇನೆ.

ಒಂದೇ ಯಂತ್ರಕ್ಕೆ ಬರೆಯುವುದು ನಿಜಕ್ಕೂ ಸಾಲದೆ ಹೋದಾಗ ದತ್ತಾಂಶವನ್ನು ಹೋಳು ಮಾಡಿ ಹಲವು ಯಂತ್ರಗಳಿಗೆ ಹಂಚಬೇಕು. ಅದಕ್ಕೇ ಶಾರ್ಡಿಂಗ್ ಅನ್ನುವುದು. ತಂಡಗಳು ಟಿಪ್ಪಣಿ, ಕಡತ ಇಟ್ಟುಕೊಳ್ಳುವ ತಾಣ ನೋಶನ್ ಇದನ್ನು ಮಾಡಿದ ರೀತಿ ನನಗೆ ತುಂಬಾ ಹಿಡಿಸಿತು. 2021ರಲ್ಲಿ ಅವರು ದತ್ತಾಂಶವನ್ನು 480 ತಾರ್ಕಿಕ ಹೋಳುಗಳಾಗಿ ಮಾಡಿ 32 ಡೇಟಾಬೇಸ್‌ಗಳಲ್ಲಿ ಇಟ್ಟರು. ಒಂದೊಂದರಲ್ಲಿ 15. ಆಗ 32ರಷ್ಟೇ ಹೋಳು ಸಾಕಿತ್ತಲ್ಲ, 480 ಯಾಕೆ? 480 ತುಂಬಾ ಸಂಖ್ಯೆಗಳಿಂದ ಸಲೀಸಾಗಿ ಭಾಗವಾಗುತ್ತದೆ. ಮುಂದೆ ಯಂತ್ರ ಹೆಚ್ಚಿಸಬೇಕಾದಾಗ ಹೋಳುಗಳನ್ನು ಒಡೆಯಬೇಕಿಲ್ಲ, ಎತ್ತಿ ಬೇರೆ ಕಡೆ ಇಟ್ಟರೆ ಆಯಿತು. ಹಾಗೇ ಆಯಿತು ಕೂಡ. 32 ಯಂತ್ರಗಳು 96 ಆದವು, ಒಂದೊಂದರಲ್ಲಿ 15 ಇದ್ದ ಹೋಳು 5ಕ್ಕೆ ಇಳಿಯಿತು. ಹೋಳು ಮಾಡಲು ಅವರು ಹಿಡಿದ ಅಂಶ ವರ್ಕ್‌ಸ್ಪೇಸ್ ಐಡಿ. ಒಂದು ತಂಡದ ಕಡತಗಳೆಲ್ಲ ಒಂದೇ ಕಡೆ ಇರುತ್ತವೆ. ತಂಡದವರು ಕೇಳುವ ಪ್ರಶ್ನೆಗಳು ಬಹುತೇಕ ತಮ್ಮ ಕಡತಗಳ ಬಗ್ಗೆಯೇ ಆದ್ದರಿಂದ ಎರಡು ಯಂತ್ರಗಳನ್ನು ಒಟ್ಟಿಗೆ ಕೇಳಬೇಕಾದ ಪ್ರಸಂಗ ಅಪರೂಪ. ಮೈಸೀಕ್ವೆಲ್ ಬಳಸುವವರಿಗೆ ಈ ಹಂಚುವ ಕೆಲಸ ಮಾಡಿಕೊಡಲು ವಿಟೆಸ್ ಇದೆ. ಅದು ಯೂಟ್ಯೂಬ್ ಒಳಗೆ 2010ರಲ್ಲಿ ಹುಟ್ಟಿದ್ದು.

ಹಾಗಾದರೆ ಡೇಟಾಬೇಸ್ ಬದಲಿಸಲೇಬೇಕಾದ ಸಂದರ್ಭ ಇಲ್ಲವೇ ಇಲ್ಲವಾ? ಇದೆ. ಗುಂಪುಗಳಲ್ಲಿ ಹರಟುವ ತಾಣ ಡಿಸ್ಕಾರ್ಡ್ ಅದಕ್ಕೆ ಒಳ್ಳೆಯ ಉದಾಹರಣೆ. 2015ರಲ್ಲಿ ಅದು ಮಾಂಗೊಡಿಬಿ ಮೇಲೆ ಶುರುವಾಯಿತು. ಅದೇ ವರ್ಷ ನವೆಂಬರ್‌ಗೆ ಸಂದೇಶಗಳು 10 ಕೋಟಿ ತಲುಪಿದವು. ದತ್ತಾಂಶವೂ ಇಂಡೆಕ್ಸೂ ಮೆಮೊರಿಯಲ್ಲಿ ಹಿಡಿಸದಂತಾಯಿತು, ಯಾವ ಪುಟ ಎಷ್ಟು ಹೊತ್ತಿಗೆ ಬರುತ್ತದೆ ಅಂತ ಹೇಳಲಾಗದ ಸ್ಥಿತಿ. ಅವರು ದತ್ತಾಂಶವನ್ನು ಹಲವು ಯಂತ್ರಗಳಿಗೆ ಹಂಚಿಡುವ ಕಸಾಂಡ್ರಾ ಡೇಟಾಬೇಸ್‌ಗೆ ಹೋದರು. ಅವರ ಪ್ರಶ್ನೆ ಬಹುಪಾಲು ಒಂದೇ: "ಈ ಚಾನೆಲ್‌ನ ಇತ್ತೀಚಿನ ಸಂದೇಶಗಳನ್ನು ಕೊಡು." ಚಾನೆಲ್ ಐಡಿ ಮತ್ತು ಕಾಲದ ಒಂದು ತುಂಡು, ಇಷ್ಟು ಹೇಳಿದರೆ ಯಾವ ಯಂತ್ರದಲ್ಲಿ ಹುಡುಕಬೇಕು ಅಂತ ಗೊತ್ತಾಗುತ್ತದೆ. ಇಂಥ ಕೆಲಸಕ್ಕೆ ಕಸಾಂಡ್ರಾ ಹೇಳಿ ಮಾಡಿಸಿದಂತೆ.

2017ರಲ್ಲಿ ಅವರ ಕಸಾಂಡ್ರಾ ನೋಡ್‌ಗಳು (ಯಂತ್ರಗಳು) 12. 2022ರ ಆರಂಭಕ್ಕೆ 177, ಸಂದೇಶಗಳು ಲಕ್ಷ ಕೋಟಿಗಳ ಲೆಕ್ಕದಲ್ಲಿ. ಅಲ್ಲಿ ಹೊಸ ತೊಂದರೆ ಬಂತು. ಲಕ್ಷಾಂತರ ಸದಸ್ಯರಿರುವ ಗುಂಪಿನಲ್ಲಿ ಒಂದು ಪ್ರಕಟಣೆ ಹಾಕಿ ಎಲ್ಲರನ್ನೂ ಕರೆದರೆ ಎಲ್ಲರೂ ಒಂದೇ ಚಾನೆಲ್ ತೆರೆಯುತ್ತಾರೆ. ಆ ಚಾನೆಲ್ ಇರುವ ನೋಡ್ ಮಾತ್ರ ಬೇಯುತ್ತದೆ, ಉಳಿದವು ತಣ್ಣಗೆ ಕೂತಿರುತ್ತವೆ. ಕೊನೆಗೆ ಅವರು ಕಸಾಂಡ್ರಾಗೆ ಹೊಂದುವ ಇನ್ನೊಂದು ಡೇಟಾಬೇಸ್ ಸಿಲ್ಲಾಡಿಬಿಗೆ ಬಂದು 72 ನೋಡ್‌ಗಳಲ್ಲಿ ಕೆಲಸ ಮುಗಿಸಿದರು. ಆದರೆ ಡೇಟಾಬೇಸ್ ಬದಲಿಸಿದ್ದರಿಂದ ಮಾತ್ರ ಇದು ಸರಿಹೋಯಿತು ಅಂದುಕೊಳ್ಳಬೇಡಿ. ಡೇಟಾಬೇಸ್ ಮುಂದೆ ರಸ್ಟ್ ಭಾಷೆಯಲ್ಲಿ ಬರೆದ ಒಂದು ಸೇವೆ ಇಟ್ಟರು. ಒಂದೇ ಸಂದೇಶವನ್ನು ಸಾವಿರ ಜನ ಒಟ್ಟಿಗೆ ಕೇಳಿದರೆ ಅದು ಡೇಟಾಬೇಸ್‌ಗೆ ಒಂದೇ ಸಲ ಹೋಗಿ ಉತ್ತರ ತಂದು ಸಾವಿರ ಜನಕ್ಕೂ ಹಂಚುತ್ತದೆ. ನಮ್ಮ ಮತ ಎಣಿಕೆ ಪುಟಕ್ಕೂ ಬೇಕಿದ್ದದ್ದು ಇದೇ ತಂತ್ರ. ಇದನ್ನು ಯಾವ ಡೇಟಾಬೇಸ್ ಮುಂದೆಯಾದರೂ ಇಡಬಹುದು.

ಡಿಸ್ಕಾರ್ಡ್ ಮಾಡಿದ್ದನ್ನು ನೋಡಿ ಸುದ್ದಿ ತಾಣದವರೋ ಅಂಗಡಿ ತಾಣದವರೋ ಅದನ್ನೇ ಮಾಡಹೊರಟರೆ ಪೆಟ್ಟು ತಿನ್ನುತ್ತಾರೆ. ಕಸಾಂಡ್ರಾದಲ್ಲಿ ಯಾವ ಪ್ರಶ್ನೆ ಕೇಳುತ್ತೀರಿ ಅಂತ ಮೊದಲೇ ತೀರ್ಮಾನಿಸಿ ಅದಕ್ಕೆ ತಕ್ಕ ಟೇಬಲ್ ಕಟ್ಟಬೇಕು. ಸಂಪಾದಕರು ಸೋಮವಾರ ಬಂದು "ಕಳೆದ ತಿಂಗಳು ಮಂಡ್ಯದ ಬಗ್ಗೆ ಬರೆದವರಲ್ಲಿ ಯಾರ ಲೇಖನಕ್ಕೆ ಜಾಸ್ತಿ ಕಾಮೆಂಟ್ ಬಂದಿದೆ?" ಅಂತ ಕೇಳಿದರೆ? ಪೋಸ್ಟ್‌ಗ್ರೆಸ್, ಮೈಸೀಕ್ವೆಲ್‌ನಂಥ ರಿಲೇಶನಲ್ ಡೇಟಾಬೇಸ್‌ನಲ್ಲಿ ಮೂರು ಟೇಬಲ್ ಜೋಡಿಸಿ ಐದು ನಿಮಿಷದಲ್ಲಿ ಉತ್ತರ ಕೊಡಬಹುದು. ಮುಂದೆ ಯಾರು ಏನು ಕೇಳುತ್ತಾರೋ ಗೊತ್ತಿಲ್ಲದೆಯೂ ದತ್ತಾಂಶವನ್ನು ಇಟ್ಟುಕೊಳ್ಳುವ ದಾರಿಯನ್ನೇ ಐಬಿಎಂನ ಎಡ್ಗರ್ ಕಾಡ್ 1970ರಲ್ಲಿ ತೋರಿಸಿಕೊಟ್ಟದ್ದು. ಬೆಳೆಯುತ್ತಿರುವ ತಾಣಕ್ಕೆ ಈ ಗುಣ ಇನ್ನೂ ಮುಖ್ಯ. ಯಾಕಂದರೆ ಅದರ ವ್ಯವಹಾರವೇ ತಿಂಗಳಿಗೊಮ್ಮೆ ಬದಲಾಗುತ್ತಿರುತ್ತದೆ.

ಹಣ, ಸೀಟು, ಸ್ಟಾಕ್ ಇರುವ ತಾಣಗಳಿಗೆ ಇನ್ನೊಂದು ಕಾರಣವೂ ಇದೆ. ದೀಪಾವಳಿ ಹಿಂದಿನ ದಿನ ಬೆಂಗಳೂರಿನಿಂದ ಹುಬ್ಬಳ್ಳಿಗೆ ಹೋಗುವ ಬಸ್ಸು. ಉಳಿದಿರುವುದು 7ನೇ ಸೀಟು ಒಂದೇ. ಇಬ್ಬರು ಒಂದೇ ಕ್ಷಣದಲ್ಲಿ ಅದನ್ನು ಒತ್ತುತ್ತಾರೆ. ಎರಡೂ ಕೋರಿಕೆಗಳು "ಖಾಲಿ ಇದೆಯಾ?" ಅಂತ ಕೇಳುತ್ತವೆ, ಎರಡಕ್ಕೂ "ಇದೆ" ಅನ್ನುವ ಉತ್ತರ ಸಿಗುತ್ತದೆ, ಎರಡೂ ಟಿಕೆಟ್ ಕೊಡುತ್ತವೆ. ಮೆಜೆಸ್ಟಿಕ್‌ನಲ್ಲಿ ರಾತ್ರಿ ಹತ್ತಕ್ಕೆ ಜಗಳ. ರಿಲೇಶನಲ್ ಡೇಟಾಬೇಸ್‌ನಲ್ಲಿ ಪ್ರಯಾಣ ಮತ್ತು ಸೀಟು ಸಂಖ್ಯೆ ಎರಡನ್ನೂ ಸೇರಿಸಿ ಒಂದು ಯೂನಿಕ್ ನಿರ್ಬಂಧ ಹಾಕಿದರೆ ಸಾಕು. ಎರಡನೆಯ ಟಿಕೆಟ್ಟನ್ನು ಡೇಟಾಬೇಸೇ ನಿರಾಕರಿಸುತ್ತದೆ. ಕೋಡ್ ಬರೆದವರು ಮರೆತರೂ ಅದು ಮರೆಯುವುದಿಲ್ಲ.

2014ರ ಅಕ್ಟೋಬರ್ 6ರಂದು ಬೆಂಗಳೂರಿನ ಫ್ಲಿಪ್‌ಕಾರ್ಟ್ ತನ್ನ ಮೊದಲ ಬಿಗ್ ಬಿಲಿಯನ್ ಡೇ ನಡೆಸಿದ್ದು ನೆನಪಿರಬಹುದು. ತಾಣ ತಡವರಿಸಿತು, ಸ್ಟಾಕ್ ಮುಗಿಯಿತು, ಆರ್ಡರ್‌ಗಳು ರದ್ದಾದವು. ಮರುದಿನ ಸಚಿನ್ ಬನ್ಸಲ್ ಮತ್ತು ಬಿನ್ನಿ ಬನ್ಸಲ್ ಗ್ರಾಹಕರ ಕ್ಷಮೆ ಕೇಳಿದರು. ಅದೆಲ್ಲ ಡೇಟಾಬೇಸ್ ಒಂದರಿಂದಲೇ ಆಯಿತು ಅಂತ ನಾನು ಹೇಳುತ್ತಿಲ್ಲ. ಆದರೆ ಮಾರುವ ತಾಣಕ್ಕೆ ಪುಟ ನಿಧಾನವಾಗುವುದಕ್ಕಿಂತ ಲೆಕ್ಕ ತಪ್ಪುವುದು ದೊಡ್ಡ ನೋವು. ಪುಟ ತಡವಾದರೆ ಗ್ರಾಹಕ ಬೈಯುತ್ತಾನೆ, ಕೊಟ್ಟ ಆರ್ಡರ್ ರದ್ದಾದರೆ ನಂಬಿಕೆ ಕಳೆದುಕೊಳ್ಳುತ್ತಾನೆ.

ಮಾಂಗೊಡಿಬಿಯಲ್ಲೂ ಈಗ ಟ್ರಾನ್ಸಾಕ್ಷನ್ ಇದೆ, ಅಂದರೆ ಎಲ್ಲ ಬದಲಾವಣೆಯೂ ಒಟ್ಟಿಗೆ ಆಗಬೇಕು, ಇಲ್ಲವೇ ಒಂದೂ ಆಗಬಾರದು ಅನ್ನುವ ಖಾತ್ರಿ. ಹಲವು ಡಾಕ್ಯುಮೆಂಟ್‌ಗಳನ್ನು ಒಟ್ಟಿಗೆ ಬದಲಿಸುವ ಸೌಲಭ್ಯ 2018ರ 4.0 ಆವೃತ್ತಿಯಲ್ಲಿ ಬಂತು. ಕ್ಯಾಟಲಾಗ್ ಥರದ, ಒಂದೊಂದು ವಸ್ತುವಿಗೂ ಬೇರೆ ಬೇರೆ ವಿವರ ಇರುವ ದತ್ತಾಂಶಕ್ಕೆ ಅದು ಅನುಕೂಲವೇ. ಆದರೆ ಅದಷ್ಟೇ ಬೇಕಿದ್ದರೆ ಪೋಸ್ಟ್‌ಗ್ರೆಸ್‌ನಲ್ಲಿ 2014ರಿಂದಲೇ ಇಂಥ ದತ್ತಾಂಶ ಹಿಡಿಸುವ ಜೆಸನ್‌ಬಿ ಕಾಲಂ ಇದೆ. "ಸ್ಕೀಮಾ ಬೇಕಿಲ್ಲ", ಅಂದರೆ ಯಾವ ಕಾಲಂನಲ್ಲಿ ಏನಿರಬೇಕು ಅನ್ನುವ ನಕ್ಷೆ ಬೇಕಿಲ್ಲ, ಅನ್ನುವ ಮಾತನ್ನು ಮಾತ್ರ ನಂಬಬೇಡಿ. ಸ್ಕೀಮಾ ಎಲ್ಲೂ ಹೋಗುವುದಿಲ್ಲ, ಡೇಟಾಬೇಸ್‌ನಿಂದ ಕೋಡ್‌ಗೆ ಜಾರುತ್ತದೆ. ನಾನು ಕೆಲಸ ಮಾಡಿದ ಒಂದು ಕಡೆ ಬಳಕೆದಾರರ ಮೊಬೈಲ್ ನಂಬರ್ ಮೂರು ಹೆಸರಿನಲ್ಲಿ ಉಳಿದಿತ್ತು: 'ಫೋನ್', 'ಮೊಬೈಲ್', 'ಫೋನ್‌ನಂಬರ್'. ಒಂದರಲ್ಲಿ ಸಂಖ್ಯೆಯಾಗಿ, ಎರಡರಲ್ಲಿ ಪಠ್ಯವಾಗಿ. ಒಟಿಪಿ ಬರಲಿಲ್ಲ ಅಂತ ದೂರು ಬಂದಾಗಲೆಲ್ಲ ಮೂರೂ ಕಡೆ ಹುಡುಕಬೇಕಿತ್ತು.

ಪೋಸ್ಟ್‌ಗ್ರೆಸ್ಸಾ, ಮೈಸೀಕ್ವೆಲ್ಲಾ? ಪೋಸ್ಟ್‌ಗ್ರೆಸ್ ಬಿಟ್ಟು ಮೈಸೀಕ್ವೆಲ್‌ಗೆ ಹೋದದ್ದು ಯಾಕೆ ಅಂತ ಊಬರ್ 2016ರಲ್ಲಿ ಬರೆಯಿತು. ಒಂದು ಸಾಲು ಬದಲಾದರೆ ಅದರ ಎಲ್ಲ ಇಂಡೆಕ್ಸ್‌ಗಳಲ್ಲೂ ಮತ್ತೆ ಬರೆಯಬೇಕಾಗುತ್ತದೆ ಅನ್ನುವುದು ಅವರ ಮುಖ್ಯ ದೂರುಗಳಲ್ಲೊಂದು. ಅಷ್ಟು ಬದಲಾವಣೆ ಬರೆಯುವ ತಾಣ ನಿಮ್ಮದಾಗಿದ್ದರೆ ಆ ದೂರು ನಿಜ. ಉಳಿದವರು ತಂಡಕ್ಕೆ ಯಾವುದು ಚೆನ್ನಾಗಿ ಗೊತ್ತೋ ಅದನ್ನು ಹಿಡಿಯಿರಿ. ಎರಡೂ ಅಷ್ಟಕ್ಕಷ್ಟೇ ಗೊತ್ತಿದ್ದರೆ ನಾನು ಪೋಸ್ಟ್‌ಗ್ರೆಸ್ ಅನ್ನುತ್ತೇನೆ.

ಕನ್ನಡದ ತಾಣ ನಡೆಸುವವರಿಗೆ ಬೇರೆಯವರು ಹೇಳದ ಕೆಲವು ವಿಷಯಗಳಿವೆ. 'ಕ್ಷೇತ್ರ' ನಮ್ಮ ಕಣ್ಣಿಗೆ ಎರಡು ಅಕ್ಷರ. ಡೇಟಾಬೇಸ್ ಲೆಕ್ಕದಲ್ಲಿ ಏಳು, ಅಕ್ಷರಗಳನ್ನು ಉಳಿಸುವ ಯುಟಿಎಫ್-8 ವಿಧಾನದಲ್ಲಿ 21 ಬೈಟ್. ಶೀರ್ಷಿಕೆಗೆ ಅರವತ್ತು ಅಕ್ಷರ ಸಾಕು ಅಂತ ಇಂಗ್ಲಿಷ್ ಲೆಕ್ಕದಲ್ಲಿ ಕಾಲಂ ಕಟ್ಟಿದರೆ ಕನ್ನಡ ಶೀರ್ಷಿಕೆ ಒತ್ತಕ್ಷರದ ನಡುವೆಯೇ ತುಂಡಾಗುತ್ತದೆ. ಇನ್ನು 'ಕೋಲಾರ'ದ 'ಕೋ' ನೋಡಿ. ಅದರ ಸ್ವರ ಚಿಹ್ನೆಯನ್ನು ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಎತ್ವ, ಕೊಂಬಿನ ದೀರ್ಘ, ದೀರ್ಘ ಚಿಹ್ನೆ ಎಂದು ಮೂರು ಸಂಕೇತಗಳನ್ನು ಸೇರಿಸಿಯೂ ಬರೆಯಬಹುದು. ಪರದೆ ಮೇಲೆ ಎರಡೂ ಒಂದೇ. ಡೇಟಾಬೇಸ್‌ಗೆ ಸಾಮಾನ್ಯವಾಗಿ ಅವು ಬೇರೆ ಬೇರೆ ಪದ. ಒಬ್ಬ ವರದಿಗಾರರ ಸಾಫ್ಟ್‌ವೇರ್ ಒಂದು ಥರ ಬರೆದು, ಇನ್ನೊಬ್ಬರದ್ದು ಇನ್ನೊಂದು ಥರ ಬರೆದರೆ ಹುಡುಕಾಟದಲ್ಲಿ ಕೋಲಾರದ ಅರ್ಧ ಸುದ್ದಿ ಮಾಯ. ಕಣ್ಣಿಗೆ ಕಾಣದ ಜೋಡಣೆ-ತಡೆ ಸಂಕೇತದ್ದೂ ಇದೇ ಕಥೆ. ಉಳಿಸುವ ಮೊದಲೇ ಪಠ್ಯವನ್ನು ಒಂದೇ ರೂಪಕ್ಕೆ ತರಬೇಕು. ಪೋಸ್ಟ್‌ಗ್ರೆಸ್ 13ರಿಂದ ಅದಕ್ಕೆ 'ನಾರ್ಮಲೈಜ್' ಅನ್ನುವ ಫಂಕ್ಷನ್ನೇ ಇದೆ. ಮೈಸೀಕ್ವೆಲ್ ಆದರೆ 'ಯುಟಿಎಫ್8' ಹೆಸರಿನ ಹಳೆಯ ಆಯ್ಕೆ ಮೂರು ಬೈಟ್‌ವರೆಗೆ ಮಾತ್ರ. ಕನ್ನಡ ಹಿಡಿಸುತ್ತದೆ, ಎಮೋಜಿ ಹಿಡಿಸುವುದಿಲ್ಲ. 'ಯುಟಿಎಫ್8ಎಂಬಿ4' ಆರಿಸಿ.

ಹುಡುಕಾಟ ಇನ್ನೂ ಕಷ್ಟ. ಮನೆ, ಮನೆಗೆ, ಮನೆಯಲ್ಲಿ, ಮನೆಯಿಂದ ಎಲ್ಲದರ ಬೇರು ಒಂದೇ ಅಂತ ಡೇಟಾಬೇಸ್‌ಗೆ ಗೊತ್ತಾಗುವುದಿಲ್ಲ. ಕಾಗುಣಿತದ ತೊಡಕೂ ಇದೆ. ಅದನ್ನು ಜಾಣತನದಿಂದ ಬಗೆಹರಿಸಿದ್ದು 'ಅಲರ್' ನಿಘಂಟು ತಾಣ. ವಿ. ಕೃಷ್ಣ ಅವರು ದಶಕಗಳ ಕಾಲ ಒಬ್ಬರೇ ಕೂತು ಕಟ್ಟಿದ ಒಂದೂವರೆ ಲಕ್ಷ ಪದಗಳ ಕನ್ನಡ-ಇಂಗ್ಲಿಷ್ ನಿಘಂಟು ಅದು. ಕೈಲಾಶ್ ನಾಧ್ 2019ರಲ್ಲಿ ಅದನ್ನು ಮುಕ್ತವಾಗಿ ಅಂತರ್ಜಾಲಕ್ಕೆ ತಂದರು. ಅದರ ಹಿಂದಿನ ತಂತ್ರಾಂಶ ಪೋಸ್ಟ್‌ಗ್ರೆಸ್ ಮೇಲೆ ಕಟ್ಟಿದ್ದು. ಪದದ ಉಚ್ಚಾರಣೆಯನ್ನು ಸಂಕೇತವಾಗಿ ಬದಲಿಸಿ ಅದರಲ್ಲಿ ಹುಡುಕುವ ವಿಧಾನವನ್ನೂ ಅವರೇ ಬರೆದರು. ಕಾಗುಣಿತ ಸ್ವಲ್ಪ ಹೆಚ್ಚುಕಡಿಮೆಯಾದರೂ ಪದ ಸಿಗುತ್ತದೆ. ಬೇರೆ ಡೇಟಾಬೇಸ್ ಹುಡುಕುತ್ತಾ ಹೋಗಲಿಲ್ಲ, ಕನ್ನಡಕ್ಕೆ ಬೇಕಾದ್ದನ್ನು ಇದ್ದದ್ದರ ಮೇಲೇ ಕಟ್ಟಿದರು. ನನಗೆ ಇದು ಇನ್‌ಸ್ಟಾಗ್ರಾಮ್ ಕಥೆಗಿಂತ ದೊಡ್ಡದಾಗಿ ಕಾಣುತ್ತದೆ.

ಲೈಸೆನ್ಸ್ ಕಡೆಗೂ ಒಂದು ಕಣ್ಣಿರಲಿ. ಕ್ಯಾಶ್‌ಗೆ ಎಲ್ಲರೂ ಬಳಸುವ ರೆಡಿಸ್ 2024ರ ಮಾರ್ಚ್‌ನಲ್ಲಿ ತನ್ನ ಮುಕ್ತ ಲೈಸೆನ್ಸ್ ಬದಲಿಸಿತು. ಕೆಲವೇ ದಿನಗಳಲ್ಲಿ ಲಿನಕ್ಸ್ ಫೌಂಡೇಶನ್ ಆಶ್ರಯದಲ್ಲಿ ವಾಲ್ಕೀ ಅನ್ನುವ ಕವಲು ಶುರುವಾಯಿತು. 2025ರಲ್ಲಿ ರೆಡಿಸ್ ಮತ್ತೆ ಮುಕ್ತ ಲೈಸೆನ್ಸ್ ಒಂದನ್ನು ಸೇರಿಸಿತು. ಬಳಸುವವರಿಗೆ ಅಷ್ಟು ದಿನ ಗೊಂದಲ. ಅಮೆಜಾನ್‌ನ ಡೇಟಾಬೇಸ್ ಡೈನಮೋಡಿಬಿ ಚೆನ್ನಾಗಿದೆ, ಆದರೆ ಅಮೆಜಾನ್ ಬಿಟ್ಟರೆ ಬೇರೆಲ್ಲೂ ಸಿಗುವುದಿಲ್ಲ. ಬಾಡಿಗೆ ಏರಿದಾಗ ಮನೆ ಬದಲಿಸುವ ದಾರಿ ಇದೆಯಾ ಅಂತ ಒಳಗೆ ಹೋಗುವ ಮೊದಲೇ ನೋಡಿಕೊಳ್ಳಬೇಕು ಅಲ್ವಾ?

ಆಯ್ಕೆ ಯಾವುದೇ ಇರಲಿ, ಬ್ಯಾಕಪ್ ವಿಷಯದಲ್ಲಿ ಎಲ್ಲವೂ ಒಂದೇ. 2017ರ ಜನವರಿ 31ರ ರಾತ್ರಿ, ಕೋಡ್ ಇಟ್ಟುಕೊಳ್ಳುವ ತಾಣ ಗಿಟ್‌ಲ್ಯಾಬ್‌ನ ಎಂಜಿನಿಯರೊಬ್ಬರು ರೆಪ್ಲಿಕಾ ಸರಿಮಾಡುವಾಗ, ರೆಪ್ಲಿಕಾದಲ್ಲಿ ಅಳಿಸಬೇಕಿದ್ದ ಡೈರೆಕ್ಟರಿಯನ್ನು ಮುಖ್ಯ ಡೇಟಾಬೇಸ್‌ನಲ್ಲಿ ಅಳಿಸಿಬಿಟ್ಟರು. ಒಂದೆರಡು ಸೆಕೆಂಡಿನಲ್ಲಿ ಗೊತ್ತಾಗಿ ನಿಲ್ಲಿಸಿದರು. ಆ ಹೊತ್ತಿಗೆ ಸುಮಾರು 300 ಜಿಬಿ ಹೋಗಿ 4.5 ಜಿಬಿ ಉಳಿದಿತ್ತು. ಐದು ಬಗೆಯ ಬ್ಯಾಕಪ್ ಮತ್ತು ರೆಪ್ಲಿಕೇಶನ್ ವ್ಯವಸ್ಥೆಗಳಿದ್ದವು, ನೆಚ್ಚಿಕೊಳ್ಳುವಂತೆ ಒಂದೂ ಕೆಲಸ ಮಾಡುತ್ತಿರಲಿಲ್ಲ. ಅದೃಷ್ಟಕ್ಕೆ ಆರು ಗಂಟೆ ಮೊದಲು ಬೇರೆ ಕೆಲಸಕ್ಕೆ ತೆಗೆದ ಒಂದು ಪ್ರತಿ ಸಿಕ್ಕಿತು. ಅವರು ನಡೆದದ್ದನ್ನೆಲ್ಲ ಮುಚ್ಚಿಡದೆ ಬರೆದರು. ಆ ಬರಹದಿಂದ ನಾನು ಕಲಿತಷ್ಟು ಯಾವ ತರಬೇತಿಯಲ್ಲೂ ಕಲಿತಿಲ್ಲ.

ನಮ್ಮಲ್ಲಿ ಈಗ ತಿಂಗಳ ಮೊದಲ ಶನಿವಾರ ಒಬ್ಬರು ಖಾಲಿ ಯಂತ್ರ ತೆಗೆದುಕೊಂಡು, ಹಿಂದಿನ ರಾತ್ರಿಯ ಬ್ಯಾಕಪ್‌ನಿಂದ ಇಡೀ ತಾಣವನ್ನು ಎಬ್ಬಿಸುತ್ತಾರೆ. ಮೊದಲ ಸಲ ಆಗಲೇ ಇಲ್ಲ, ಕಡತದ ಪಾಸ್‌ವರ್ಡ್ ಕೆಲಸ ಬಿಟ್ಟು ಹೋದವರ ಬಳಿ ಇತ್ತು. ಎರಡನೇ ಸಲ ನಾಲ್ಕು ಗಂಟೆ ಹಿಡಿಯಿತು. ಕಳೆದ ಶನಿವಾರ ಐವತ್ತು ನಿಮಿಷ. ಹೊಸದಾಗಿ ಸೇರಿದ ಹುಡುಗಿ ಒಬ್ಬಳೇ ಮಾಡಿ ಮುಗಿಸಿದಳು. ಕೊನೆಯಲ್ಲಿ ಕಾಮೆಂಟ್ ಟೇಬಲ್ ಮೇಲೆ ಎಕ್ಸ್‌ಪ್ಲೇನ್ ಓಡಿಸಿ, ಇಂಡೆಕ್ಸ್ ಸ್ಕ್ಯಾನ್ ಅಂತ ಬಂದದ್ದರ ಫೋಟೋ ಗುಂಪಿಗೆ ಹಾಕಿದಳು.